7,990 ಡಾಲರ್ ಮನೆಯ ಲೆಕ್ಕ

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದ ನಂತರದ ಅಮೆರಿಕದ ಏಳಿಗೆಯ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಸೊಗಸಾಗಿ ಓದಿಸಿಕೊಂಡು ಹೋಗುವ ಬರಹ. ಆದರೆ ‘ಸರ್ಕಾರ ದೂರ ನಿಂತಿತು, ಜನ ಬೆವರು ಸುರಿಸಿ ಸ್ವಂತ ಮನೆ ಮಾಡಿಕೊಂಡರು, ಮಧ್ಯಮ ವರ್ಗ ತಾನಾಗಿ ಹುಟ್ಟಿತು’ ಎಂಬ ಅದರ ಮುಖ್ಯ ವಾದ ಲೆಕ್ಕದ ಪುಸ್ತಕ ಬಿಚ್ಚಿದರೆ ನಿಲ್ಲುವುದಿಲ್ಲ. ಬೆವರು ಸುರಿಸಿದ್ದು ನಿಜ. ಆದರೆ ಸರ್ಕಾರ ದೂರ ನಿಂತಿರಲಿಲ್ಲ, ಲಕ್ಷಾಂತರ ಮನೆಗಳ ಸಾಲಕ್ಕೆ ಜಾಮೀನು ನಿಂತಿತ್ತು. ಯಾರಿಗೆ ಜಾಮೀನು ನಿಲ್ಲಬಾರದು ಎಂಬುದನ್ನೂ ಬರೆದಿಟ್ಟುಕೊಂಡಿತ್ತು. ಲೇಖನದ ಜೊತೆ ನೀವು ಅಚ್ಚು ಹಾಕಿದ ಲೆವಿಟೌನ್ (ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನಲ್ಲಿ ಲೆವಿಟ್ ಕಂಪನಿ ಕಟ್ಟಿದ ಬಡಾವಣೆ) ಮನೆಯ ಚಿತ್ರವನ್ನೇ ಇಟ್ಟುಕೊಂಡು ಇದನ್ನು ತೋರಿಸಬಹುದು.

ಮೊದಲು ಸಾಲ. 1930ರ ದಶಕಕ್ಕೆ ಮುಂಚೆ ಅಲ್ಲಿ ಮನೆಸಾಲ ಸಿಗುತ್ತಿದ್ದದ್ದು ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೆ, ಹೆಚ್ಚೆಂದರೆ ಹತ್ತು ವರ್ಷಕ್ಕೆ. ಬೆಲೆಯ ಅರ್ಧದಷ್ಟನ್ನು ಕೈಯಿಂದ ಹಾಕಬೇಕಿತ್ತು. ಅವಧಿಯುದ್ದಕ್ಕೂ ಕಟ್ಟುವುದು ಬಡ್ಡಿ ಮಾತ್ರ. ಅಸಲು ಹಾಗೇ ಕೂತಿರುತ್ತದೆ, ಕೊನೆಯ ದಿನ ಇಡುಗಂಟಾಗಿ ಕಟ್ಟಬೇಕು. ಅಷ್ಟು ಹಣ ಯಾರ ಹತ್ತಿರ ಇರುತ್ತದೆ? ಹಳೇ ಸಾಲ ತೀರಿಸಲು ಹೊಸ ಸಾಲ ಎತ್ತುವುದೇ ರೂಢಿಯಾಗಿತ್ತು. 1929ರ ಕುಸಿತದ ನಂತರ ಹೊಸ ಸಾಲ ಕೊಡುವ ಬ್ಯಾಂಕೇ ಇಲ್ಲವಾದಾಗ, ಒಂದು ತಿಂಗಳೂ ಬಡ್ಡಿ ತಪ್ಪಿಸದವರ ಮನೆಗಳೂ ಹರಾಜಿಗೆ ಬಂದವು.

ಇದನ್ನು ಬದಲಿಸಿದ್ದು ಮಾರುಕಟ್ಟೆಯಲ್ಲ, ಕಾನೂನು. 1934ರಲ್ಲಿ ಫೆಡರಲ್ ವಸತಿ ಆಡಳಿತ, ಅಂದರೆ ಎಫ್‌ಎಚ್‌ಎ, ಹುಟ್ಟಿತು. ಅದು ತಾನು ಸಾಲ ಕೊಡುತ್ತಿರಲಿಲ್ಲ. ಬ್ಯಾಂಕ್ ಕೊಟ್ಟ ಸಾಲಕ್ಕೆ ವಿಮೆ ಇಳಿಸುತ್ತಿತ್ತು. ವರ್ಷಕ್ಕೆ ಶೇ 0.5ರಷ್ಟು ವಿಮಾ ಕಂತನ್ನು ಸಾಲಗಾರನೇ ಕೊಡಬೇಕು. ಬದಲಿಗೆ ಬ್ಯಾಂಕಿಗೆ ಅದರ ಷರತ್ತು: ಅವಧಿ ಉದ್ದ ಇರಲಿ, ಮುಂಗಡ ಕಡಿಮೆ ಇರಲಿ, ಪ್ರತಿ ತಿಂಗಳ ಕಂತಿನಲ್ಲೂ ಬಡ್ಡಿಯ ಜೊತೆ ಅಸಲೂ ಕರಗುತ್ತಾ ಬರಲಿ. ಇವತ್ತು ಬೆಂಗಳೂರಿನಲ್ಲಿ ಇಎಂಐ ಕಟ್ಟುವವರಿಗೆ ಇದರಲ್ಲಿ ಹೊಸದೇನೂ ಕಾಣದು. ಅಂದಿನ ಅಮೆರಿಕದ ಕಾರ್ಖಾನೆ ಕೆಲಸಗಾರನಿಗೆ ಇದು ಕಂಡು ಕೇಳರಿಯದ ಸೌಲಭ್ಯ. 1938ರಲ್ಲಿ ಫ್ಯಾನಿ ಮೇ ಎಂಬ ಸಂಸ್ಥೆ ಬಂದು ಇಂಥ ಸಾಲಪತ್ರಗಳನ್ನು ಬ್ಯಾಂಕುಗಳಿಂದ ಕೊಳ್ಳತೊಡಗಿತು. ಹಾಗಾಗಿ ಬ್ಯಾಂಕಿನ ಹಣ ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿ ಹೂತು ಹೋಗುವ ಭಯವೂ ಇರಲಿಲ್ಲ.

ಇದರ ಮೇಲೆ 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಜಿಐ ಬಿಲ್ ಬಂತು. ಸೇನೆಯಿಂದ ವಾಪಸಾದವರಿಗೆ ಕೆಲಸ ಸಿಗುವ ತನಕ ವಾರಕ್ಕೆ 20 ಡಾಲರ್, ಗರಿಷ್ಠ 52 ವಾರ. ಓದುವವರಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕ, ಜೊತೆಗೆ ಊಟ-ವಸತಿ ಭತ್ಯೆ. 1956ರ ಹೊತ್ತಿಗೆ ಸುಮಾರು 22 ಲಕ್ಷ ಮಂದಿ ಇದರಲ್ಲಿ ಕಾಲೇಜು ಮೆಟ್ಟಿಲು ಹತ್ತಿದ್ದರು. ಕಸುಬಿನ ತರಬೇತಿ ಪಡೆದವರನ್ನೂ ಸೇರಿಸಿದರೆ 78 ಲಕ್ಷ. ಮನೆಸಾಲದ ಭಾಗದಲ್ಲಿ ಸೈನಿಕ ಕಲ್ಯಾಣ ಇಲಾಖೆ ಸಾಲದ ಅರ್ಧಕ್ಕೆ, ಗರಿಷ್ಠ 2,000 ಡಾಲರ್‌ವರೆಗೆ, ಜಾಮೀನು ನಿಲ್ಲುತ್ತಿತ್ತು. 1945ರ ಕೊನೆಗೆ ಈ ಮಿತಿ 4,000ಕ್ಕೆ ಏರಿತು, 1950ರಲ್ಲಿ ಶೇ 60 ಮತ್ತು 7,500ಕ್ಕೆ. ಬಡ್ಡಿ ಶೇ 4 ಮೀರುವಂತಿರಲಿಲ್ಲ. ಮುಂಗಡ ಕೇಳಬೇಕಾದ ಅಗತ್ಯವೇ ಇರಲಿಲ್ಲ.

ಈಗ ನಿಮ್ಮ ಚಿತ್ರದ ಮನೆ. 1949ರಲ್ಲಿ ಲೆವಿಟ್ ಕಂಪನಿ ಲಾಂಗ್ ಐಲೆಂಡಿನಲ್ಲಿ ಮಾರಿದ ರ‍್ಯಾಂಚ್ ಮಾದರಿಯ ಮನೆಯ ಬೆಲೆ 7,990 ಡಾಲರ್. ಹಳೇ ಪದ್ಧತಿಯಾಗಿದ್ದರೆ 3,995 ಡಾಲರ್ ಕೈಯಿಂದ ಎಣಿಸಬೇಕು. ಉಳಿದ 3,995ಕ್ಕೆ ಶೇ 6ರ ಬಡ್ಡಿ ಅಂದರೆ ತಿಂಗಳಿಗೆ 20 ಡಾಲರ್. ಐದು ವರ್ಷ ಕಳೆದ ಮೇಲೂ ತಲೆಯ ಮೇಲೆ ಅದೇ 3,995. ಹೊಸ ಪದ್ಧತಿಯಲ್ಲಿ ಪೂರ್ತಿ 7,990ಕ್ಕೆ ಸಾಲ, ಶೇ 4 ಬಡ್ಡಿ, 25 ವರ್ಷ ಎಂದಿಟ್ಟುಕೊಂಡರೆ ಕಂತು 42 ಡಾಲರ್ 17 ಸೆಂಟ್. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಗೆ 26.63, ಅಸಲಿಗೆ 15.54. ಎಂಟನೇ ವರ್ಷದಲ್ಲಿ ತಕ್ಕಡಿ ಅಸಲಿನ ಕಡೆ ವಾಲುತ್ತದೆ. ಹತ್ತು ವರ್ಷ ತುಂಬಿದಾಗ ಬಾಕಿ ಉಳಿಯುವುದು ಸುಮಾರು 5,700. 1950ರಲ್ಲಿ ಅವಧಿಯನ್ನು 30 ವರ್ಷಕ್ಕೆ ಹಿಗ್ಗಿಸಿದಾಗ ಇದೇ ಮೊತ್ತದ ಕಂತು 38.15ಕ್ಕೆ ಇಳಿಯುತ್ತದೆ. ಕಂದಾಯ, ವಿಮೆ ಎಲ್ಲ ಸೇರಿ ಜಾಹೀರಾತಿನಲ್ಲಿ ಹೇಳುತ್ತಿದ್ದದ್ದು ತಿಂಗಳಿಗೆ 58 ಡಾಲರ್. ಆ ಕಾಲಕ್ಕೆ ಕಾರ್ಖಾನೆ ಕೆಲಸಗಾರನ ಸರಾಸರಿ ವಾರದ ಸಂಬಳವೂ ಹೆಚ್ಚೂಕಡಿಮೆ ಅಷ್ಟೇ. ಅಂದರೆ ತಿಂಗಳಲ್ಲಿ ಒಂದು ವಾರ ದುಡಿದದ್ದು ಮನೆಗೆ, ಮೂರು ವಾರದ್ದು ಹೊಟ್ಟೆ-ಬಟ್ಟೆಗೆ. ಕಟ್ಟಿದ ಬಡ್ಡಿಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದಿತ್ತು ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತೇವಲ್ಲ, ಇಲ್ಲಿ ಹಾಸಿಗೆಯನ್ನೇ ಉದ್ದ ಮಾಡಿಕೊಟ್ಟಿದ್ದರು.

ಮನೆ ಕಟ್ಟಿದ ರೀತಿಯನ್ನು ಲೇಖನ ‘ಪವಾಡ’ ಎಂದಿದೆ. ಪವಾಡವೇನಲ್ಲ, ಕೆಲಸ ಹಂಚಿದ ಜಾಣತನ. ಅಬ್ರಹಾಂ ಲೆವಿಟ್ ಮತ್ತು ಅವರ ಮಕ್ಕಳಾದ ವಿಲಿಯಂ, ಆಲ್‌ಫ್ರೆಡ್ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳನ್ನು ಕೊಂಡರು. ಪ್ರತಿ ಸೈಟು 60x100 ಅಡಿ, ನಮ್ಮ ಲೆಕ್ಕದಲ್ಲಿ 30x40ರ ಐದು ಸೈಟು. ಮನೆ ಮಾತ್ರ 750 ಚದರಡಿಯ ಆಸುಪಾಸು. ಅಲ್ಲಿನ ಪದ್ಧತಿಯಂತೆ ನೆಲಮಾಳಿಗೆ ತೋಡದೆ ನೇರ ನೆಲದ ಮೇಲೆ ಕಾಂಕ್ರೀಟ್ ಹಾಸು ಹಾಕಿದರು. ಇದಕ್ಕೆ ಸ್ಥಳೀಯ ಕಟ್ಟಡ ನಿಯಮ ಒಪ್ಪುತ್ತಿರಲಿಲ್ಲ. 1947ರ ಮೇ ತಿಂಗಳಲ್ಲಿ ಹೆಂಪ್‌ಸ್ಟೆಡ್ ಪಟ್ಟಣದ ಸಭೆಗೆ ಮನೆಗಾಗಿ ಕಾದಿದ್ದ ಮಾಜಿ ಸೈನಿಕರು ಕಿಕ್ಕಿರಿದು ಬಂದು ನಿಯಮ ತಿದ್ದಿಸಿದರು. ಲಾರಿಗಳು ಅರವತ್ತು ಅಡಿಗೊಂದು ಕಡೆ ನಿಂತು ಒಂದೊಂದು ಮನೆಗೆ ಬೇಕಾದ ಸಾಮಾನಿನ ಕಟ್ಟು ಇಳಿಸಿ ಹೋಗುತ್ತಿದ್ದವು: ಅಳತೆಗೆ ಮೊದಲೇ ಕೊಯ್ದ ಮರ, ಕೊಳವೆ, ಗೋಡೆ ಹಲಗೆ. ಕೆಲಸವನ್ನು ಇಪ್ಪತ್ತಾರು-ಇಪ್ಪತ್ತೇಳು ಹಂತವಾಗಿ ಒಡೆದು, ಒಂದೊಂದು ಹಂತಕ್ಕೆ ಒಂದೊಂದು ತಂಡ. ಕಾರ್ಖಾನೆಯಲ್ಲಿ ವಸ್ತು ಸಾಗುತ್ತದೆ, ಆಳು ನಿಂತಿರುತ್ತಾನೆ. ಇಲ್ಲಿ ಮನೆ ನಿಂತಿತ್ತು, ಆಳು ಸಾಗುತ್ತಿದ್ದ. ಕಿಟಕಿಗೆ ಬಿಳಿ ಬಣ್ಣ ಬಳಿಯುವವನು ಬಿಳಿ ಮಾತ್ರ ಬಳಿದುಕೊಂಡು ಮುಂದಿನ ಮನೆಗೆ; ಕೆಂಪು ಬಳಿಯುವವನು ಬೇರೆ. ಬಟ್ಟೆ ತೊಳೆಯುವ ಯಂತ್ರವನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯುವುದೇ ಒಬ್ಬನ ಇಡೀ ದಿನದ ಕೆಲಸ. ಒದ್ದೆ ಗಾರೆಯ ಬದಲು ಜಿಪ್ಸಂ ಹಲಗೆ ಹೊಡೆಯುತ್ತಿದ್ದರಿಂದ ಗೋಡೆ ಒಣಗಲಿ ಎಂದು ಕಾಯುವ ದಿನಗಳು ಉಳಿದವು. ಮೊಳೆಯನ್ನೂ ತಾವೇ ತಯಾರಿಸಿದರು, ಮರಕ್ಕಾಗಿ ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಮಿಲ್ಲು ಇಟ್ಟರು, ಯೂನಿಯನ್ ಆಳುಗಳನ್ನು ದೂರ ಇಟ್ಟರು. ಬಿರುಸಿನ ದಿನಗಳಲ್ಲಿ ದಿನಕ್ಕೆ ಮೂವತ್ತಕ್ಕೂ ಹೆಚ್ಚು ಮನೆ ಮುಗಿಯುತ್ತಿತ್ತು. 1947ರ ಅಕ್ಟೋಬರಿನಲ್ಲಿ ಮೊದಲ ಸಂಸಾರ ಒಳಹೊಕ್ಕಿತು, 1951ರ ಹೊತ್ತಿಗೆ ಮನೆಗಳು 17,000 ದಾಟಿದ್ದವು.

ಇಷ್ಟು ಮನೆ ಕಟ್ಟಲು ಬಂಡವಾಳ ಎಲ್ಲಿಂದ ಬಂತು ಎಂದು ಲೇಖಕರು ಕೇಳಿಕೊಂಡಿಲ್ಲ. ನಕ್ಷೆ ತೋರಿಸಿದರೆ ಸಾಕು, ‘ಈ ಮನೆ ಕೊಳ್ಳುವವರ ಸಾಲಕ್ಕೆ ನಾವು ವಿಮೆ ಇಳಿಸುತ್ತೇವೆ’ ಎಂದು ಎಫ್‌ಎಚ್‌ಎ ಮುಂಚಿತವಾಗಿಯೇ ಕಾಗದ ಕೊಡುತ್ತಿತ್ತು. ಆ ಕಾಗದ ಹಿಡಿದು ಹೋದ ಬಿಲ್ಡರ್‌ಗೆ ಬ್ಯಾಂಕ್ ಕಣ್ಣು ಮುಚ್ಚಿ ಹಣ ಕೊಡುತ್ತಿತ್ತು.

ಕೆಟ್ಟದ್ದೂ ಇತ್ತು. ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳನ್ನು ಆ ಕಾಂಕ್ರೀಟ್ ಹಾಸಿನೊಳಗೇ ಹೂತಿದ್ದರು. ಸೋರಿತೆಂದರೆ ನೆಲ ಒಡೆಯದೆ ದಾರಿಯಿಲ್ಲ. ಒಳಚರಂಡಿಯ ಬದಲು ಮನೆಮನೆಗೆ ಇಂಗುಗುಂಡಿ. ಮರಳು ನೆಲ, ಕುಡಿಯುವ ನೀರೂ ಅದೇ ನೆಲದಡಿಯದು, ಮನೆಮನೆಯಲ್ಲೂ ಬಟ್ಟೆ ತೊಳೆಯುವ ಯಂತ್ರ. ಅಂದಿನ ಡಿಟರ್ಜೆಂಟ್ ಮಣ್ಣಿನಲ್ಲಿ ಕೊಳೆಯುವಂಥದ್ದಲ್ಲ. ಕೆಲವೇ ವರ್ಷಗಳಲ್ಲಿ ಲಾಂಗ್ ಐಲೆಂಡಿನ ಬಾವಿ ನೀರಿನಲ್ಲಿ ನೊರೆ ಕಾಣಿಸಿಕೊಂಡಿತು. 1965ರಲ್ಲಿ ತಯಾರಕರು ಕೊಳೆಯುವ ರಾಸಾಯನಿಕಕ್ಕೆ ಬದಲಾದ ಮೇಲೆ ನೊರೆ ತಗ್ಗಿತು. ಬೆಳ್ಳಂದೂರು ಕೆರೆಯ ನೊರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಲೇಖನ ಪೂರ್ತಿ ಬಿಟ್ಟುಬಿಟ್ಟ ಭಾಗ. ಲೆವಿಟೌನಿನ ಮೊದಲ ಬಾಡಿಗೆ ಕರಾರಿನ 25ನೇ ಷರತ್ತು, ದಪ್ಪ ಅಕ್ಷರದಲ್ಲಿ: ಕಕೇಶಿಯನ್, ಅಂದರೆ ಬಿಳಿಯ, ಜನಾಂಗದವರಲ್ಲದೆ ಬೇರೆ ಯಾರೂ ಈ ಮನೆಯಲ್ಲಿ ವಾಸಿಸುವಂತಿಲ್ಲ. ಮನೆಗೆಲಸದವರಿಗೆ ಮಾತ್ರ ವಿನಾಯಿತಿ. ಇದನ್ನು ಒಬ್ಬ ಬಿಲ್ಡರನ ಸಣ್ಣತನ ಎಂದುಕೊಂಡರೆ ತಪ್ಪಾಗುತ್ತದೆ. ಎಫ್‌ಎಚ್‌ಎ ತನ್ನ ಮೌಲ್ಯಮಾಪಕರಿಗೆ ಕೊಟ್ಟ ಕೈಪಿಡಿಯಲ್ಲೇ ಒಂದು ಬಡಾವಣೆ ಸ್ಥಿರವಾಗಿರಬೇಕಾದರೆ ಅಲ್ಲಿ ಒಂದೇ ಸಾಮಾಜಿಕ, ಜನಾಂಗೀಯ ವರ್ಗದವರು ವಾಸವಾಗಿರಬೇಕು ಎಂದಿತ್ತು. ಕ್ರಯಪತ್ರದಲ್ಲಿ ಜನಾಂಗದ ಷರತ್ತು ಇದ್ದರೆ ಒಳ್ಳೆಯದು ಎಂಬ ಸಲಹೆಯೂ ಇತ್ತು. ಇನ್ನೊಂದು ಸರ್ಕಾರಿ ಸಂಸ್ಥೆ ನಗರಗಳ ನಕ್ಷೆಗಳಲ್ಲಿ ಬಡಾವಣೆಗಳಿಗೆ ನಾಲ್ಕು ಬಣ್ಣ ಹಚ್ಚಿತ್ತು: ಹಸಿರು, ನೀಲಿ, ಹಳದಿ, ಕೆಂಪು. ಹಸಿರೆಂದರೆ ಸಾಲಕ್ಕೆ ಸುರಕ್ಷಿತ, ಕೆಂಪೆಂದರೆ ಅಪಾಯ. ಕಪ್ಪು ಜನರಿದ್ದ ಕಡೆ ಬಹುಪಾಲು ಕೆಂಪೇ. ಅವರ ಸಂಬಳ ಎಷ್ಟಿದೆ, ಸಾಲ ಹೇಗೆ ತೀರಿಸುತ್ತಾರೆ ಎಂದು ಯಾರೂ ನೋಡಲಿಲ್ಲ.

ಇದು ಎಷ್ಟು ದೂರ ಹೋಗಿತ್ತು ಎಂಬುದಕ್ಕೆ ಡೆಟ್ರಾಯಿಟ್ ನಗರದ ‘ಎಂಟು ಮೈಲಿ’ ಎಂಬ ಹೆಸರಿನ ರಸ್ತೆಯ ಹತ್ತಿರದ ಗೋಡೆ ನೋಡಬೇಕು. 1941ರಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗಾಗಿ ಬಡಾವಣೆ ಹಾಕಲು ಹೊರಟ. ಪಕ್ಕದಲ್ಲೇ ಕಪ್ಪು ಜನರ ಕೇರಿ ಇದೆಯೆಂದು ಎಫ್‌ಎಚ್‌ಎ ವಿಮೆ ನಿರಾಕರಿಸಿತು. ಆತ ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಎಬ್ಬಿಸಿದ. ವಿಮೆ ಮಂಜೂರಾಯಿತು! ಆ ಗೋಡೆ ಇನ್ನೂ ನಿಂತಿದೆ. ಒಂದು ಭಾಗದ ಮೇಲೆ ಊರಿನವರು ಚಿತ್ರ ಬರೆದಿದ್ದಾರೆ.

ಸೈನಿಕರಿಗೆ ಎಂದು ಮಾಡಿದ ಕಾನೂನಿನಲ್ಲಿ ಕಪ್ಪು-ಬಿಳಿ ಎಂಬ ಮಾತೇ ಇರಲಿಲ್ಲ ಎಂದು ಲೇಖಕರು ಹೇಳಬಹುದು. ಅಕ್ಷರಶಃ ಅದು ಸರಿ. ಆದರೆ ಸಾಲ ಮಂಜೂರು ಮಾಡುವುದು ಊರಿನ ಬ್ಯಾಂಕಿನ ಮ್ಯಾನೇಜರ್. ದಕ್ಷಿಣದ ಸಂಸದರು, ಮುಖ್ಯವಾಗಿ ಮಿಸಿಸಿಪಿಯ ಜಾನ್ ರ‍್ಯಾಂಕಿನ್, ಅಧಿಕಾರ ಸ್ಥಳೀಯರ ಕೈಯಲ್ಲೇ ಇರಲಿ ಎಂದು ಹಟ ಹಿಡಿದದ್ದು ಇದಕ್ಕೇ. ಫಲ ಏನಾಯಿತೆಂದರೆ, 1947ರಲ್ಲಿ ಮಿಸಿಸಿಪಿಯ 13 ಪಟ್ಟಣಗಳನ್ನು ನೋಡಿದಾಗ ಜಾಮೀನು ಪಡೆದ 3,229 ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕದ್ದು ಎರಡು. ಶೇಕಡಾ ಎರಡಲ್ಲ, ಎರಡೇ ಎರಡು.

ಜಾಮೀನು ಸಿಗದವರು ಮನೆ ಕೊಳ್ಳಲೇ ಇಲ್ಲವೇ? ಕೊಂಡರು, ಬೇರೆ ದಾರಿಯಲ್ಲಿ. ಷಿಕಾಗೊದಲ್ಲಿ ದಲ್ಲಾಳಿಗಳು ಬಿಳಿಯರಿಂದ ಅಗ್ಗಕ್ಕೆ ಮನೆ ಹಿಡಿದು, ಬೆಲೆ ಏರಿಸಿ, ಕಪ್ಪು ಸಂಸಾರಗಳಿಗೆ ಬರೀ ‘ಅಗ್ರಿಮೆಂಟ್’ ಮೇಲೆ ಮಾರುತ್ತಿದ್ದರು. ಕೊನೆಯ ಕಂತು ಕಟ್ಟುವ ತನಕ ಕ್ರಯಪತ್ರ ದಲ್ಲಾಳಿಯ ಹೆಸರಿನಲ್ಲೇ. ಒಂದು ಕಂತು ತಪ್ಪಿದರೂ ಮನೆಯೂ ಹೋಯಿತು, ಅದುವರೆಗೆ ಕಟ್ಟಿದ ಹಣವೂ ಹೋಯಿತು. ಅದೇ ಮನೆ ಮರುದಿನ ಇನ್ನೊಬ್ಬರಿಗೆ. ಕಂತಿನ ಭಾರಕ್ಕೆ ಒಳಬಾಡಿಗೆಯವರನ್ನು ತುಂಬಿಸಿಕೊಂಡರು, ರಿಪೇರಿ ಮುಂದೂಡಿದರು. ‘ಇವರು ಬಂದ ಮೇಲೆ ಬೀದಿ ಕೆಟ್ಟಿತು’ ಎನ್ನಲು ಅಷ್ಟು ಸಾಕಾಯಿತು.

1948ರ ಮೇ 3ರಂದು ಶೆಲ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕ್ರಯಪತ್ರದ ಜನಾಂಗೀಯ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಿತು. ಷರತ್ತು ಬರೆಯಬಾರದು ಎಂದು ಹೇಳಲಿಲ್ಲ, ಗಮನಿಸಿ. ಅದರ ನಂತರವೂ ಹೊಸ ಷರತ್ತುಗಳಿರುವ ಆಸ್ತಿಗೆ ವಿಮೆ ಇಳಿಸುವುದನ್ನು ಎಫ್‌ಎಚ್‌ಎ ನಿಲ್ಲಿಸಿದ್ದು 1950ರ ಫೆಬ್ರುವರಿಯಲ್ಲಿ. ಲೆವಿಟ್ ಕಂಪನಿ ಕರಾರಿನಿಂದ ಸಾಲು ತೆಗೆಯಿತು, ಅಭ್ಯಾಸ ಬಿಡಲಿಲ್ಲ. 1957ರ ಆಗಸ್ಟ್‌ನಲ್ಲಿ ಅದೇ ಕಂಪನಿ ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಇನ್ನೊಂದು ಲೆವಿಟೌನಿನಲ್ಲಿ ವಿಲಿಯಂ ಮತ್ತು ಡೈಸಿ ಮೈಯರ್ಸ್ ಎಂಬ ಕಪ್ಪು ದಂಪತಿ ಬಿಳಿಯ ಮಾಲೀಕರಿಂದಲೇ ಮನೆ ಕೊಂಡು ಬಂದಾಗ ರಾತ್ರಿಗಟ್ಟಲೆ ಜನ ಸೇರಿ ಕಲ್ಲು ಹೊಡೆದರು. ರಾಜ್ಯದ ಪೊಲೀಸರನ್ನು ಕರೆಸಬೇಕಾಯಿತು. ನಮ್ಮ ಓದುಗರು ಈ ದೃಶ್ಯವನ್ನು ಅರ್ಥ ಮಾಡಿಕೊಳ್ಳಲಾರರು ಎಂದು ಯಾರೂ ಅಂದುಕೊಳ್ಳಬೇಕಾಗಿಲ್ಲ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಯಾವ ಬೀದಿಯಲ್ಲಿ ತೂಗುತ್ತದೆ, ಅದರ ಅರ್ಥವೇನು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು.

ಸಂಬಳದ ವಿಷಯ ಲೇಖನದಲ್ಲಿ ಒಂದೇ ಸಾಲು: ‘ಕಂಪನಿಗಳು ಉದಾರವಾಗಿದ್ದವು’. ಉದಾರತೆಯಿಂದ ಯಾವ ಕಂಪನಿಯೂ ಕೊಡಲಿಲ್ಲ. 1946ರಲ್ಲಿ ಅಲ್ಲಿ 46 ಲಕ್ಷ ಕಾರ್ಮಿಕರು ಮುಷ್ಕರಕ್ಕೆ ಇಳಿದಿದ್ದರು. ಮರುವರ್ಷ ಸಂಸತ್ತು ಅಧ್ಯಕ್ಷ ಟ್ರೂಮನ್ ಅವರ ತಡೆಯನ್ನೂ ಮೀರಿ ಟಾಫ್ಟ್-ಹಾರ್ಟ್ಲಿ ಕಾನೂನು ತಂದು ಯೂನಿಯನ್‌ಗಳಿಗೆ ಮೂಗುದಾರ ಹಾಕಿತು. ಈ ಎರಡರ ನಡುವೆ ಹುಟ್ಟಿದ್ದು ಜನರಲ್ ಮೋಟರ್ಸ್ ಒಪ್ಪಂದ. 1948ರ ಸೂತ್ರ ನಮ್ಮ ತುಟ್ಟಿಭತ್ಯೆಯಂತೆಯೇ: ಬೆಲೆ ಸೂಚ್ಯಂಕ 1.14 ಅಂಶ ಏರಿದರೆ ಗಂಟೆಗೆ ಒಂದು ಸೆಂಟ್ ಹೆಚ್ಚು. ಅದಲ್ಲದೆ ಉತ್ಪಾದಕತೆಯ ಪಾಲೆಂದು ವರ್ಷಕ್ಕೆ ಗಂಟೆಗೆ ಮೂರು ಸೆಂಟ್. 1950ರಲ್ಲಿ ವಾಲ್ಟರ್ ರೂಥರ್ ನಾಯಕತ್ವದ ಯೂನಿಯನ್ ಇದನ್ನೇ ಬೆಳೆಸಿ, ಪಿಂಚಣಿ ಮತ್ತು ಆಸ್ಪತ್ರೆ ವಿಮೆ ಸೇರಿಸಿ ಐದು ವರ್ಷದ ಒಪ್ಪಂದ ಮಾಡಿಕೊಂಡಿತು. ಕಂಪನಿಗೆ ಐದು ವರ್ಷ ಮುಷ್ಕರವಿಲ್ಲದ ನೆಮ್ಮದಿ. ಏನು ತಯಾರಿಸಬೇಕು, ಎಲ್ಲಿ ತಯಾರಿಸಬೇಕು ಎಂಬ ತೀರ್ಮಾನದಲ್ಲಿ ಮಾತ್ರ ಯೂನಿಯನ್ ಬಾಯಿ ಹಾಕುವಂತಿಲ್ಲ. ಅದರ ಬೆಲೆಯನ್ನು ಮುಂದೆ ಕಾರ್ಖಾನೆಗಳು ದಕ್ಷಿಣದ ರಾಜ್ಯಗಳಿಗೆ ಎದ್ದು ಹೋದಾಗ ಕಾರ್ಮಿಕರು ಕೊಟ್ಟರು.

ಅಮೆರಿಕದಲ್ಲಿ ಕೆಲಸ ಹೋದರೆ ಆರೋಗ್ಯ ವಿಮೆಯೂ ಏಕೆ ಹೋಗುತ್ತದೆ ಎಂದು ಅಲ್ಲಿ ಮಕ್ಕಳಿರುವ ನಮ್ಮ ಎಷ್ಟೋ ಮಂದಿ ಕೇಳುತ್ತಾರೆ. ಬೇರು ಇಲ್ಲೇ ಇದೆ. 1942ರಲ್ಲಿ ಯುದ್ಧಕ್ಕಾಗಿ ಸಂಬಳ ಏರಿಸುವುದಕ್ಕೆ ತಡೆ ಬಿತ್ತು, ವಿಮೆ-ಪಿಂಚಣಿಗೆ ಆ ತಡೆ ಇರಲಿಲ್ಲ. ಆಳು ಸಿಗದೆ ಒದ್ದಾಡುತ್ತಿದ್ದ ಕಂಪನಿಗಳು ಸಂಬಳದ ಬದಲು ವಿಮೆ ತೋರಿಸಿ ಕರೆದವು. 1954ರ ತೆರಿಗೆ ಸಂಹಿತೆ ಕಂಪನಿ ಕಟ್ಟುವ ಆ ವಿಮೆಯ ಹಣಕ್ಕೆ ತೆರಿಗೆ ಇಲ್ಲವೆಂದು ಖಚಿತಪಡಿಸಿತು. ಯುದ್ಧಕಾಲದ ಒಂದು ಸಂದಿಯೇ ದೊಡ್ಡ ಬಾಗಿಲಾಗಿ ಉಳಿದುಬಿಟ್ಟಿತು.

‘ಆಗ ಹೆಂಗಸರು ಮನೆಯಲ್ಲಿದ್ದರು’ ಎಂಬ ಮಾತೂ ಅರ್ಧ ಸತ್ಯ. ಅದು ಜಾಹೀರಾತಿನ ಚಿತ್ರ. ದುಡಿಯುವ ಹೆಂಗಸರ ಪ್ರಮಾಣ 1950ರಲ್ಲಿ ಶೇ 34ರಷ್ಟಿದ್ದದ್ದು 1960ಕ್ಕೆ ಶೇ 38ರ ಹತ್ತಿರ ಬಂತು, ಅದೂ ತೆರಿಗೆ ಅವರ ವಿರುದ್ಧವಿದ್ದಾಗ. 1948ರಲ್ಲಿ ಗಂಡ-ಹೆಂಡತಿಯ ಆದಾಯ ಕೂಡಿಸಿ ಎರಡು ಸಮಪಾಲು ಮಾಡಿ ತೆರಿಗೆ ಹಾಕುವ ಪದ್ಧತಿ ಬಂತು. ಗಂಡ ಒಬ್ಬನೇ 5,000 ತಂದರೆ ಅದನ್ನು ಎರಡು 2,500 ಎಂದು ಎಣಿಸಿ ಕಡಿಮೆ ದರ. ಹೆಂಡತಿ ಕೆಲಸಕ್ಕೆ ಸೇರಿದರೆ ಅವಳ ಮೊದಲ ಡಾಲರಿಗೇ ಸಂಸಾರದ ಆದಾಯಕ್ಕೆ ತಗಲುವ ಅತಿ ಹೆಚ್ಚಿನ ದರ. ಮನೆಸಾಲಕ್ಕೆ ಅರ್ಜಿ ಹಾಕಿದಾಗ ಅದೇ ಹೆಂಡತಿಯ ಸಂಬಳವನ್ನು ಬ್ಯಾಂಕ್ ಪೂರ್ತಿ ಎಣಿಸುತ್ತಿರಲಿಲ್ಲ, ಮಕ್ಕಳಾದರೆ ಬಿಡುತ್ತಾಳೆ ಎಂಬ ಊಹೆಯ ಮೇಲೆ. ಇದಕ್ಕೆ ಕಾನೂನಿನ ತಡೆ ಬಂದದ್ದು 1974ರಲ್ಲಿ.

ಕಾರು, ಟಿವಿ, ಕ್ರೆಡಿಟ್ ಕಾರ್ಡುಗಳ ಬಗ್ಗೆ ಲೇಖನ ಸಾಕಷ್ಟು ಹೇಳಿದೆ, ನಾವು ಹೆಚ್ಚು ಸೇರಿಸುವುದಿಲ್ಲ. ಕಾರ್ಡಿನ ಆರಂಭದ ಪ್ರಯೋಗವೊಂದು ಎಡವಿದ್ದನ್ನು ಹೇಳಬೇಕಿತ್ತು. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಫ್ರೆಸ್ನೊ ನಗರದ 60,000 ಮಂದಿಗೆ ಕೇಳದೆಯೇ ಅಂಚೆಯಲ್ಲಿ ಕಾರ್ಡು ಕಳಿಸಿತು. ಬಾಕಿ ಉಳಿಸಿಕೊಳ್ಳುವವರು ನೂರಕ್ಕೆ ನಾಲ್ಕು ಎಂದು ಅಂದಾಜು ಮಾಡಿದ್ದರು; ಇಪ್ಪತ್ತೆರಡಾದರು. ಕೇಳದೆ ಕಾರ್ಡು ಕಳಿಸಬಾರದೆಂಬ ಕಾನೂನು ಬರಲು 1970 ಆಗಬೇಕಾಯಿತು.

ರಸ್ತೆಯ ಮಾತಿಗೆ ಬಂದರೆ, 41,000 ಮೈಲಿಯ ಹೆದ್ದಾರಿ ಜಾಲದ ವೆಚ್ಚದಲ್ಲಿ ಶೇ 90 ಕೇಂದ್ರ ಸರ್ಕಾರದ್ದು, ಪೆಟ್ರೋಲಿನ ಮೇಲೆ ಗ್ಯಾಲನ್‌ಗೆ ಮೂರು ಸೆಂಟ್ ತೆರಿಗೆ ಹಾಕಿ ಎತ್ತಿದ ಹಣ. ‘ಸರ್ಕಾರ ದೂರ ನಿಂತಿತು’ ಎಂಬ ವಾದಕ್ಕೆ ಇದಕ್ಕಿಂತ ನೇರ ಉತ್ತರ ಬೇಡ. ಉಪನಗರದವರು ಊರಿನ ನಡುವಿನ ಆಫೀಸಿಗೆ ಬೇಗ ತಲುಪಲೆಂದು ಹಾಕಿದ ದಾರಿ ಯಾರ ಕೇರಿಯ ಮೇಲೆ ಹೋಯಿತು ಎಂಬುದೂ ದಾಖಲೆಯಲ್ಲಿದೆ: ಸೇಂಟ್ ಪಾಲ್‌ನ ರಾಂಡೊ, ಮಯಾಮಿಯ ಓವರ್‌ಟೌನ್, ಡೆಟ್ರಾಯಿಟ್‌ನ ಹೇಸ್ಟಿಂಗ್ಸ್ ಬೀದಿ. ಮೂರೂ ಕಪ್ಪು ಜನರ ಅಂಗಡಿ-ಚರ್ಚುಗಳಿದ್ದ ಕೇರಿಗಳು.

ರಾಜಕೀಯ ಬದಲಾದದ್ದೂ ಮನೆಯ ಸುತ್ತಲೇ. ವಿಲಿಯಂ ಲೆವಿಟ್ ಒಂದು ಮಾತು ಹೇಳಿದ್ದರು: ಸ್ವಂತ ಮನೆ, ಸೈಟು ಇರುವವನು ಕಮ್ಯುನಿಸ್ಟ್ ಆಗಲಾರ, ಅವನಿಗೆ ಕೈತುಂಬ ಕೆಲಸವಿರುತ್ತದೆ ಎಂದು. ಅದರಲ್ಲಿ ತಮಾಷೆಯಷ್ಟೇ ಇಲ್ಲ. 1940ರಲ್ಲಿ ಶೇ 44ರಷ್ಟು ಸಂಸಾರಗಳು ಸ್ವಂತ ಮನೆಯಲ್ಲಿದ್ದವು, 1960ರಲ್ಲಿ ಶೇ 62. ಸರ್ಕಾರದ ಜಾಮೀನಿನಿಂದ ಮನೆ ಕೊಂಡವರೇ ಬಹಳ ಕಡೆ ಸರ್ಕಾರ ಇನ್ನೊಬ್ಬರಿಗೆ ಕಟ್ಟಿಸುವ ಮನೆಯನ್ನು ವಿರೋಧಿಸಿದರು. ಅಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಸ್ಥಳೀಯ ಮನೆ ಕಂದಾಯದಿಂದ ಬರುತ್ತದೆ. ಬೆಲೆ ಏರಿದ ಬಡಾವಣೆಯ ಶಾಲೆಗೆ ಹಣ, ಆ ಶಾಲೆ ಚೆನ್ನಾಗಿದೆ ಎಂದು ಮನೆಗೆ ಇನ್ನಷ್ಟು ಬೆಲೆ. ಕೆಂಪು ಬಣ್ಣದ ಬಡಾವಣೆಯಲ್ಲಿ ಇದೇ ಚಕ್ರ ಹಿಂದಕ್ಕೆ ತಿರುಗಿತು. ಕಡೆಗೆ 1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಕಂದಾಯವನ್ನೇ ಕಟ್ಟಿಹಾಕಿದರು: ಬೆಲೆಯ ಶೇ 1 ಮೀರಬಾರದು, ಮನೆ ಕೈ ಬದಲಾಗುವ ತನಕ ಲೆಕ್ಕದ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಬಾರದು. ಅಕ್ಕಪಕ್ಕದ ಒಂದೇ ಬಗೆಯ ಎರಡು ಮನೆಗಳಲ್ಲಿ ಹಳಬರು ಚಿಲ್ಲರೆ ಕಟ್ಟುತ್ತಾರೆ, ಹೊಸದಾಗಿ ಕೊಂಡವರು ಅದರ ಹಲವು ಪಟ್ಟು. ಅಲ್ಲಿಗೆ ಹೋದ ನಮ್ಮ ಹುಡುಗರು ಎರಡನೇ ಗುಂಪಿನವರು.

‘ಎಲ್ಲರೂ ಏಳಿಗೆ ಕಂಡರು’ ಎಂಬುದೂ ಸರಿಯಲ್ಲ. ಅಧಿಕೃತ ಲೆಕ್ಕದಂತೆಯೇ 1959ರಲ್ಲಿ ಶೇ 22.4 ಮಂದಿ ಬಡತನದ ರೇಖೆಯ ಕೆಳಗಿದ್ದರು. 1948ರಿಂದ 1961ರ ನಡುವೆ ನಾಲ್ಕು ಸಲ ಹಿಂಜರಿತ ಬಂದು ಹೋಯಿತು. ಹಾಗೆಂದು ಏಳಿಗೆ ಸುಳ್ಳಲ್ಲ: 1947ರಿಂದ 1973ರೊಳಗೆ, ಬೆಲೆಯೇರಿಕೆ ಕಳೆದ ಮೇಲೂ, ನಡುಮಟ್ಟದ ಸಂಸಾರದ ಆದಾಯ ಸುಮಾರು ಎರಡರಷ್ಟಾಯಿತು. ಮೇಲಿನ ಹಂತದ ಆದಾಯಕ್ಕೆ ತೆರಿಗೆ ದರ ಶೇ 91 ಇದ್ದ ವರ್ಷಗಳೂ ಇದರೊಳಗೇ ಬರುತ್ತವೆ. ವಿನಾಯಿತಿಗಳ ದಾರಿ ಹಿಡಿದು ಅಷ್ಟನ್ನು ಕಟ್ಟಿದವರು ಕಡಿಮೆ. ಆದರೂ ‘ಕಡಿಮೆ ತೆರಿಗೆಯಿಂದ ಏಳಿಗೆ’ ಎಂದು ಆ ಕಾಲವನ್ನು ಉದಾಹರಿಸುವುದು ವಿಚಿತ್ರ.

ಕನ್ನಡಿಗರಿಗೆ ಈ ಕಥೆಯ ನಂಟು ಎರಡು ಕಡೆ. ಒಂದು, ಟ್ರಾಕ್ಟರು, ರಸಗೊಬ್ಬರ, ಬೆಂಬಲ ಬೆಲೆ ಸೇರಿ ಅಲ್ಲಿ ಉಗ್ರಾಣಗಳಲ್ಲಿ ಕೊಳೆಯುವಷ್ಟು ಬೆಳೆದ ಗೋಧಿ. 1954ರ ಪಿಎಲ್-480 ಕಾನೂನಿನಡಿ ಅದನ್ನು ನಾವು ರೂಪಾಯಿಯಲ್ಲೇ ಬೆಲೆ ಕೊಟ್ಟು ತಂದೆವು. ಶಾಲೆಗಳಲ್ಲಿ ‘ಕೇರ್’ ಉಪ್ಪಿಟ್ಟು, ಹಾಲಿನ ಪುಡಿ ಕಂಡ ತಲೆಮಾರಿಗೆ ಅಮೆರಿಕದ ಏಳಿಗೆ ತಟ್ಟೆಯಲ್ಲೇ ಬಂದಿತ್ತು. ಇನ್ನೊಂದು ವಲಸೆ. 1946ರ ಕಾನೂನಿನಂತೆ ಇಡೀ ಭಾರತಕ್ಕೆ ವರ್ಷಕ್ಕೆ ಇದ್ದದ್ದು 100 ಮಂದಿಯ ಕೋಟಾ. ಬಾಗಿಲು ತೆರೆದದ್ದು 1965ರ ಅಕ್ಟೋಬರ್ 3ರಂದು ಸಹಿಯಾದ ಹೊಸ ವಲಸೆ ಕಾನೂನು. ಅಲ್ಲಿಗೆ ಹೋದ ಡಾಕ್ಟರು, ಎಂಜಿನಿಯರುಗಳು ಒಳ್ಳೆಯ ಬಡಾವಣೆಯಲ್ಲಿ ಮನೆ ಕೊಳ್ಳಲು ಸಾಧ್ಯವಾದದ್ದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದೇ ವಾರದಲ್ಲಿ, 1968ರ ಏಪ್ರಿಲ್ 11ರಂದು ಸಹಿಯಾದ, ಮನೆ ಮಾರುವಾಗ ಜನಾಂಗಭೇದ ಮಾಡಬಾರದೆಂಬ ವಸತಿ ಕಾನೂನಿನಿಂದ. 25ನೇ ಷರತ್ತಿನ ‘ಕಕೇಶಿಯನ್’ ಎಂಬ ಪದದೊಳಗೆ ನಾವು ಬರುತ್ತಿದ್ದೆವೇ ಎಂದು ತಮಾಷೆಗೆ ಕೇಳಬಹುದು: 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಜನಾಂಗಶಾಸ್ತ್ರ ಏನೇ ಹೇಳಲಿ, ಸಾಮಾನ್ಯರ ಮಾತಿನ ಅರ್ಥದಲ್ಲಿ ಭಾರತೀಯರು ಬಿಳಿಯರಲ್ಲ ಎಂದು ತೀರ್ಪು ಕೊಟ್ಟಿತ್ತು. ನ್ಯೂಜೆರ್ಸಿಯ ಕನ್ನಡಿಗರ ಹಿತ್ತಿಲಲ್ಲಿ ನಡೆಯುವ ಯುಗಾದಿ ಊಟದ ಹಿಂದೆ ಬಸ್ಸಿನೊಳಗಿನ ಜನಾಂಗಭೇದ ಪ್ರತಿಭಟಿಸಿ ಮಾಂಟ್‌ಗೊಮೆರಿ ನಗರದ ಬಸ್ಸು ಹತ್ತದೆ ವರ್ಷವಿಡೀ ನಡೆದು ಕೆಲಸಕ್ಕೆ ಹೋದ ಕಪ್ಪು ಜನರ ಪಾಲೂ ಇದೆ. ಲೇಖನ ‘ನಾಗರಿಕ ಹಕ್ಕುಗಳ ಗಲಾಟೆ’ ಎಂದು ಮೂರು ಪದದಲ್ಲಿ ದಾಟಿದ್ದು ಅವರನ್ನೇ.

ಕೊನೆಗೆ ಎರಡು ತಿದ್ದುಪಡಿ. ಹೆದ್ದಾರಿ ಕಾನೂನಿಗೆ ಐಸೆನ್‌ಹೋವರ್ ಸಹಿ ಹಾಕಿದ್ದು 1956ರ ಜೂನ್ 29ರಂದು. ನೀವು 1953 ಎಂದು ಅಚ್ಚು ಹಾಕಿದ್ದೀರಿ. ಲೆವಿಟೌನ್ ಚಿತ್ರದ ಅಡಿಯಲ್ಲಿ ‘ಮುಂಗಡ ಶೇ 50’ ಎಂದಿದೆ. ಮಾಜಿ ಸೈನಿಕರಿಗೆ ಮುಂಗಡವೇ ಇರಲಿಲ್ಲ. ಮುಂದಿನ ಭಾನುವಾರ ಅದೇ ಪುಟದಲ್ಲಿ ಸರಿಪಡಿಸಬೇಕಾಗಿ ವಿನಂತಿ.

ಇಂತಿ,
ಅರ್ಥಶಾಸ್ತ್ರ ಮತ್ತು ಇತಿಹಾಸದ ಇಬ್ಬರು ನಿವೃತ್ತ ಅಧ್ಯಾಪಕರು,
ಮೈಸೂರು